ಕಿತ್ತಿಟ್ಟ ಸ್ಪೀಕರ್ ವೈರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದೆವ್ವದ ಕಥೆ ಕೇಳಿದರೆ ಆಕಳಿಸುವ ಆಸಾಮಿ ನಾನು. ಆದರೆ ಗುಬ್ಬಿಯ ಆ ಮನೆಯಲ್ಲಿ ಕೇಳಿದ್ದನ್ನು ಈ ಕಿವಿ ಇನ್ನೂ ಮರೆತಿಲ್ಲ...

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಒಂದು ಸಂಜೆ ಗುಬ್ಬಿಯಿಂದ ಶಮೀಮಮ್ಮ ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಈಗ ಇಮೇಲ್ ತೆರೆಯುತ್ತಲೇ ಇಲ್ಲವಂತೆ. ನಾನು ಹೋಗುವಷ್ಟರಲ್ಲಿ ಕತ್ತಲಾಗಿತ್ತು.

"ನಮ್ ಯಜಮಾನ್ರು ಹಿರೇಹಳ್ಳೀಲಿ ಫ್ಯಾಕ್ಟರಿ ಕೆಲಸದಲ್ಲಿದ್ರು ಕಣಪ್ಪಾ. ಸಂಜೆ ಹೊರಡೋವಾಗ ಆಫೀಸಿಂದ 'ಹೊರಟೆ' ಅಂತ ಒಂದು ಮೇಲ್ ಹಾಕೋರು. ಅದನ್ನ ಕೇಳಿದ್ ತಕ್ಷಣ ನಾನು ಚಾಯ್‌ಗೆ ಇಡ್ತಿದ್ದೆ. ಅವರು ತೀರ್ಕೊಂಡು ವರ್ಷ ಆಯ್ತು. ಬೇರೆ ಏನಾದ್ರೂ ಹೋಗ್ಲಿ, ಆ ಮೇಲ್‌ಗಳು ಮಾತ್ರ ಹೋಗ್ಬಾರ್ದು."

"ಎಲ್ಲೂ ಹೋಗಲ್ಲ ಬಿಡ್ರಮ್ಮಾ," ಎಂದೆ.

ನಮ್ಮ ಕಸುಬಿನವರದ್ದೊಂದು ಕೆಟ್ಟ ಚಾಳಿ. ಇಂಥ ಕಂಪ್ಯೂಟರ್ ಮುಂದೆ ಕೂತರೆ ಮೊದಲು ಸ್ಪೀಕರ್ ವೈರ್ ಕೀಳುತ್ತೇವೆ. ಪ್ರತಿ ಕ್ಲಿಕ್ಕಿಗೂ ಅದು ವಟಗುಟ್ಟಿದರೆ ತಲೆ ಕೆಡುತ್ತದೆ. ನಾನೂ ಕಿತ್ತೆ. ಹಳೆಯ ಅಕೌಂಟ್ ತೆಗೆದು ಹೊಸದಾಗಿ ಕೂರಿಸಲು ಹೋದಾಗ, ಅದರೊಳಗಿನ ಮೇಲ್‌ಗಳೂ ಅಳಿಸಿಹೋಗುತ್ತವೆ ಎಂಬ ಎಚ್ಚರಿಕೆ ಬಂತು. ಓದದೆಯೇ ಒತ್ತಿಬಿಟ್ಟೆ. ದನಿಯಿದ್ದಿದ್ದರೆ ಪಕ್ಕದಲ್ಲೇ ಕೂತಿದ್ದ ಶಮೀಮಮ್ಮ ತಡೆಯುತ್ತಿದ್ದರು.

ಇನ್‌ಬಾಕ್ಸ್ ತೆರೆಯಿತು. ಖಾಲಿ! ಆ ಮೇಲ್‌ಗಳು ಬೇರೆಲ್ಲೂ ಇರಲಿಲ್ಲ. ಅರ್ಧ ಗಂಟೆ ತಡಕಾಡಿದೆ. ಅಳು ಬರುವ ಹಾಗಾಯಿತು.

"ಸರಿ ಹೋಯ್ತೇನಪ್ಪಾ?"

"ಹೂಂ..." ಎಂದೆ. ಎಂಥ ಹೇಡಿ ನಾನು.

ಆಗ...

"ಒಂದು ಹೊಸ ಮೇಲ್. ಹೊರಟೆ."

ಸ್ಕ್ರೀನ್ ರೀಡರ್‌ನ ಅದೇ ಯಂತ್ರದ ದನಿ. ಕಿತ್ತ ವೈರ್ ಮಾತ್ರ ನನ್ನ ಮುಂದೆಯೇ ಬಿದ್ದಿತ್ತು. ಪರದೆ ಖಾಲಿಯಾಗಿಯೇ ಇತ್ತು. ಬಾಗಿಲ ಕಡೆಯಿಂದ ಮೆಷಿನ್ ಎಣ್ಣೆಯ ವಾಸನೆ ಬಂತು...

ಶಮೀಮಮ್ಮನ ಮುಖ ಅರಳಿತು. ಗೋಡೆ ಸವರುತ್ತಾ ಅಡುಗೆಮನೆಗೆ ಹೋಗಿ ಚಾಯ್‌ಗೆ ಇಟ್ಟರು. ಕೈಗೆ ಸಿಕ್ಕಿದ್ದನ್ನೆಲ್ಲ ಬ್ಯಾಗಿಗೆ ತುರುಕಿಕೊಂಡು ನಾನು ಓಡಿಬಂದೆ.

ವಾರದ ನಂತರ ಅವರದೇ ಫೋನ್.

"ದಿನಾ ಸಂಜೆ ಓದ್ತೈತೆ ಕಣಪ್ಪಾ. ಆದ್ರೆ ಹೊರಟೆ ಅಂತಾರೆ, ನಾನು ಚಾಯ್ ಇಟ್ಕೊಂಡು ಕಾಯ್ತೀನಿ, ಅದು ಆರಿಹೋಗ್ತೈತೆ. ಅವ್ರು ಬರೋದೇ ಇಲ್ಲ... ಮೆಷಿನ್ ಏನಾದ್ರೂ ತಪ್ಪು ಓದ್ತೈತಾ? ಒಂದ್ಸಲ ಬಂದು ನೋಡ್ತೀಯಾ?"

ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರ ಸ್ಪೀಕರ್ ವೈರ್ ಇವತ್ತಿಗೂ ನನ್ನ ಬ್ಯಾಗಿನಲ್ಲೇ ಇದೆ.