ಮೀನಿನ ಗಾಡಿಯ ಐಸು

ತೀರ್ಥಹಳ್ಳಿಯ ನನ್ನ ತಂಗಿಯ ಮಗಳು ಮುಪ್ಪಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ. ವಯಸ್ಸಾದಂತೆ ದೇಹ ಸಕ್ಕರೆ, ಕೊಬ್ಬನ್ನು ಬಳಸುವ ರೀತಿ ಬದಲಾಗುತ್ತದೆ. ಆ ಬದಲಾವಣೆಯ ಗುರುತುಗಳನ್ನು ಅವಳು ರಕ್ತದಲ್ಲಿ ಹುಡುಕುತ್ತಾಳೆ. ಎಂಬತ್ತು ದಾಟಿಯೂ ಗದ್ದೆಗೆ ಇಳಿಯುವವರ ರಕ್ತ ಅವಳಿಗೆ ಬೇಕಿತ್ತು. ಪತ್ರಿಕೆಯ ವರದಿಗೆ ಓಡಾಡುವಾಗ ಪರಿಚಯವಾದ ನಿಟ್ಟೂರು ಕಡೆಯ ಅಜ್ಜರೊಬ್ಬರನ್ನು ಕೇಳಿದೆ. ಅವರು ಒಪ್ಪಿ, ನೆರೆಯ ಇಬ್ಬರನ್ನೂ ಒಪ್ಪಿಸಿದರು.

"ಒಂದೇ ಸಲ ಕೊಡದು. ಮತ್ತೆ ಸೂಜಿ ಹಿಡ್ಕಂಡು ಬಂದ್ರೆ ಬೇಲಿ ದಣಪೆ ದಾಟಕ್ಕೆ ಬಿಡಲ್ಲ" ಎಂದಿದ್ದರು.

ಬೆಳಿಗ್ಗೆ ಏಳೂವರೆಗೆ ಊರಿನ ನರ್ಸ್ ಬಂದು, ಬರಿಹೊಟ್ಟೆಯಲ್ಲಿದ್ದ ಮೂವರ ರಕ್ತ ತೆಗೆದುಕೊಟ್ಟರು. ಟ್ಯೂಬುಗಳು ಐಸಿನ ಡಬ್ಬಿಗೆ ಹೋದವು. ತಕ್ಷಣ ಹೊರಡುವುದೆಂದು ನಮ್ಮ ಲೆಕ್ಕ.

"ಮೂರ್ ಜನ್ರ ರಕ್ತ ತಗಂಡು ಬರೀ ಹೊಟ್ಟೇಲಿ ಹೋಗ್ತೀಯನೆ?" ಎಂದು ಅಜ್ಜ ಅವಳನ್ನು ತಡೆದರು.

ಕಡುಬಿಗೆ ಕುಳಿತೆವು. ತಮಗೆ ಇನ್ನೆಷ್ಟು ವರ್ಷ ಎಂದು ಇದರಲ್ಲಿ ಗೊತ್ತಾಗುತ್ತದೆಯೇ ಎಂದು ಅವರು ಕೇಳಿದರು.

"ಇಲ್ಲ ಅಜ್ಜ, ನಿಮ್ಮೊಬ್ಬರದ್ದು ಅಂತ ಹೇಳಕ್ಕಾಗಲ್ಲ. ತುಂಬಾ ಜನರದ್ದು ಸೇರ್ಸಿ ನೋಡ್ಬೇಕು."

"ಒಳ್ಳೇದೇ ಆಯ್ತು. ಸೊಸೆಗೆ ಹೇಳ್ತಿದ್ಯೇನೋ ಅಂತ ಹೆದ್ರಿಕೆ ಆಗಿತ್ತು."

ಏಳುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಡಬ್ಬಿ ತೆರೆದರೆ ಐಸೆಲ್ಲ ಕರಗಿತ್ತು. ನೀರು ಇನ್ನೂ ತಣ್ಣಗಿತ್ತು, ಆದರೆ ಹೊಸನಗರದ ಲ್ಯಾಬಿನವರೆಗೆ ಸಾಲುವಷ್ಟಲ್ಲ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ತಂಪು ತಪ್ಪಿದರೆ ಅವಳು ಅಳೆಯಬೇಕಾದದ್ದೇ ಟ್ಯೂಬಿನೊಳಗೆ ಬದಲಾಗಿಬಿಡುತ್ತದೆ.

"ಮಾವ, ಇದು ಕೆಟ್ರೆ ಮತ್ತೆ ಕೇಳೋ ಹಂಗೂ ಇಲ್ಲ" ಎಂದಳು.

ಮುಖ್ಯರಸ್ತೆಗೆ ಬಂದಾಗ, ಘಟ್ಟ ಹತ್ತಿ ಬಂದ ಮೀನಿನ ಗಾಡಿ ನಿಂತಿತ್ತು.

"ಬಂಗ್ಡೆ ಉಂಟು, ಬೂತಾಯಿ ಉಂಟು" ಎಂದರು ಮಾರುವವರು.

"ಮೀನು ಬೇಡ. ಸ್ವಲ್ಪ ಐಸ್ ಕೊಡ್ತೀರಾ?" ಎಂದು ಅವಳು ಕೇಳಿದಳು.

ಅವರು ತಕ್ಕಡಿ ಕೆಳಗಿಟ್ಟರು. "ಯಾರು ಹೋದ್ರಮ್ಮ ಮನೇಲಿ?"

ಯಾರೂ ತೀರಿಹೋಗಿಲ್ಲ, ಐಸು ಹೆಣಕ್ಕಲ್ಲ, ಪರೀಕ್ಷೆಯ ರಕ್ತಕ್ಕೆ ಎಂದು ನಾನು ವಿವರಿಸಿದೆ. ಅವರು ಹೆಚ್ಚು ಕೇಳಲಿಲ್ಲ. ಮೇಲಿನ ಐಸು ಮೀನಿನ ನೀರು ಕುಡಿದಿದೆ ಎಂದು ಪಕ್ಕಕ್ಕೆ ಸರಿಸಿ, ಬಳಸದೆ ಇಟ್ಟಿದ್ದ ಚೀಲ ಬಿಚ್ಚಿ ಡಬ್ಬಿ ತುಂಬಿಸಿದರು. ಅವರಿಗೆ ಇನ್ನೂ ಐದಾರು ಊರು ಬಾಕಿಯಿತ್ತು.

"ನಿಮ್ ಮೀನಿಗೆ?" ಎಂದಳು ಅವಳು.

"ಬೇಗ ಬೇಗ ಮಾರ್ತೀನಿ. ನೀವ್ ನಡೀರಿ."

ಹೊಸನಗರದ ಲ್ಯಾಬಿನಲ್ಲಿ ಕಣಗಳನ್ನು ಬೇರ್ಪಡಿಸುವ ಯಂತ್ರ ತಿರುಗಿ ನಿಂತಾಗ, ಮೂರೂ ಟ್ಯೂಬುಗಳಲ್ಲಿ ಮೇಲೆ ನಿಂತ ದ್ರವ ತಿಳಿಹಳದಿಯಾಗಿತ್ತು. ಕಣ ಒಡೆದು ಕೆಂಪು ಬೆರೆತಿರಲಿಲ್ಲ, ರಕ್ತ ಕೆಟ್ಟಿರಲಿಲ್ಲ. ಅವಳು ಎರಡು ಸಲ ಬೆಳಕಿಗೆ ಹಿಡಿದು ನೋಡಿ, ಬೆಂಚಿನ ಮೇಲೆ ಕುಳಿತಳು.

ಮರುದಿನ ಮೀನಿನ ಗಾಡಿ ನಿಲ್ಲುವ ಜಾಗಕ್ಕೆ ಹೋಗಿ ಮಾರುವವರಿಗೆ ಸುದ್ದಿ ಹೇಳಿದೆ. ಸಂಶೋಧನೆಯ ಬಗ್ಗೆ ವರದಿ ಬರೆಯುತ್ತಿದ್ದೇನೆ, ನಿಮ್ಮದೂ ಒಂದು ಸಾಲು ಇರುತ್ತದೆ ಎಂದೆ.

"ದಯವಿಟ್ಟು ಬ್ಯಾಡ ಸಾರ್. ಐಸ್ ಬೇರೆಯವ್ರಿಗೆ ಕೊಟ್ಟ ಅಂತ ಪೇಪರಲ್ಲಿ ಬಂದ್ರೆ, ನಾಳೆ ನನ್ ಮೀನು ಯಾರ್ ತಗತಾರೆ?"

ಮಾತು ನ್ಯಾಯವಾಗಿತ್ತು. ಆ ಸಾಲು ಹೊಡೆದು 'ಸ್ಥಳೀಯರ ನೆರವಿನಿಂದ' ಎಂದಷ್ಟೇ ಬರೆದೆ. ಈಗ ಅವರು ಗಾಡಿ ಮಾರಿ ಮನೆಯಲ್ಲಿದ್ದಾರೆ. ಇನ್ನು ಬರೆಯಬಹುದೇ ಎಂದು ಹೋದ ವಾರ ಕೇಳಿದೆ, ಆಗಬಹುದು ಎಂದರು. ಆ ಮೂವರ ರಕ್ತ ಕೆಡದೆ ಪ್ರಯೋಗಾಲಯ ಸೇರಿದ್ದು ಅವರಿಂದ.