ಗಾಡಿಗೆ ಕಪ್ಪು ಬಣ್ಣ ಹುಡುಕಿದ ಬೇಸಿಗೆ

ಸಿರುಗುಪ್ಪ ಕಡೆಯ ಹಳ್ಳಿಯೊಂದರಲ್ಲಿ ಎಮ್ಮೆಗೆ ಹೆರಿಗೆ ಮಾಡಿಸಿ ವಾಪಸು ಬರುವಾಗ ಕಾಲುವೆ ಏರಿಯ ಕರಿಮಣ್ಣಿನಲ್ಲಿ ನನ್ನ ಬೈಕು ಜಾರಿತು. ನಾನು ಏರಿಯ ಮೇಲೆ ಬಿದ್ದೆ, ಬೈಕು ಪಕ್ಕದ ಭತ್ತದ ಗದ್ದೆಗೆ ಉರುಳಿತು. ಬಲಗಾಲಿನ ಮೂಳೆ ಮುರಿದಿತ್ತು. ದನಕರುಗಳ ಚಿಕಿತ್ಸೆಗೆಂದು ಊರೂರು ತಿರುಗುವವನು ನಾನು. ಕಾಲೂ ಬೈಕೂ ಒಂದೇ ದಿನ ಕೈಕೊಟ್ಟವು.

ಆಪರೇಷನ್ ಮುಗಿಸಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಬಂದ ಮೇಲೆ ಮಂಚವೇ ಗತಿಯಾಯಿತು. ನನ್ನ ಹೆಂಡತಿ ಇಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಮಾತ್ರೆ, ನೀರು, ರೊಟ್ಟಿ ಎಲ್ಲವನ್ನೂ ಕೈಗೆಟುಕುವಂತೆ ಇಟ್ಟು ಹೋದರೆ ಸಂಜೆಗೇ ಬರುವುದು. ಅವಳ ತವರು ಸಿರುಗುಪ್ಪ. ಅವಳ ಅಪ್ಪ, ಅಂದರೆ ನನ್ನ ಮಾವ, ಗದ್ದೆಯಿಂದ ಬೈಕನ್ನು ಎತ್ತಿಸಿ ಟೆಂಪೊದಲ್ಲಿ ಹಾಕಿ ಕಳಿಸಿದ್ದರು. ಅದು ಅಂಗಳದಲ್ಲಿ, ಒಣಗಿದ ಕೆಸರು ಮೆತ್ತಿಕೊಂಡು, ನನ್ನ ಕಿಟಕಿಗೆ ನೇರವಾಗಿ ನಿಂತಿತ್ತು. ಗೊಬ್ಬರದ ನೀರು ಕುಡಿದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎಷ್ಟು ಹೊತ್ತು ಬೇಕು? ಮೊದಲು ಸ್ಟ್ಯಾಂಡು, ಆಮೇಲೆ ಲೆಗ್ ಗಾರ್ಡು, ಕೊನೆಗೆ ಸೈಲೆನ್ಸರು. ನಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ.

"ಆ ಗಾಡಿ ಮಾರಿ ಬಿಡ್ರಿ," ಅಂದಳು ಹೆಂಡತಿ ಒಂದು ಸಂಜೆ. "ಇನ್ನಮ್ಯಾಲೆ ಬಸ್ಸಿಗೆ ಹೋಗ್ರಿ."

"ಎಮ್ಮಿ ಬಸ್ ಸ್ಟ್ಯಾಂಡಿಗೆ ಬರತೈತೇನು?"

ಅವಳು ನಗಲಿಲ್ಲ. "ಬಿದ್ದೋರು ನೀವ, ಖರೆ. ಆದ್ರ ಆವತ್ತು ಫೋನ್ ಎತ್ತಿದಾಕಿ ನಾನು."

ಮಾರಬೇಕಾದರೂ ತುಕ್ಕು ತೆಗೆಯಬೇಕಲ್ಲ ಅಂತ ಹೇಳಿ, ಪರಿಚಯದ ಮೆಕ್ಯಾನಿಕ್ಕನಿಂದ ಲೆಗ್ ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಸೈಲೆನ್ಸರುಗಳನ್ನು ಬಿಚ್ಚಿಸಿ ಮಂಚದ ಪಕ್ಕಕ್ಕೆ ತರಿಸಿಕೊಂಡೆ. ಉಪ್ಪುಕಾಗದ ಹಿಡಿದು ಕೂತಲ್ಲೇ ಉಜ್ಜತೊಡಗಿದೆ. ಕೆಂಪು ಪುಡಿ ಉದುರಿ ಕೆಳಗಿನ ಬಿಳಿ ಲೋಹ ಕಂಡಾಗ ಏನೋ ಒಂದು ಸಮಾಧಾನ. ವಾರಗಳಿಂದ ಈ ಮನೆಯಲ್ಲಿ ಎಲ್ಲವೂ ನನಗಾಗಿ ನಡೆಯುತ್ತಿತ್ತು, ನನ್ನಿಂದ ನಡೆಯುವುದು ಏನೂ ಇರಲಿಲ್ಲ. ಈಗ ಇದೊಂದು ಇತ್ತು. ಒಂದು ದಿನ ಅವಳು ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು, "ಏನ್ರಿ, ಹಾಡು ಗುನುಗಾಕ ಹತ್ತೀರಿ!" ಅಂದಳು. ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಅವಳೇ ಬ್ರೂಸ್‌ಪೇಟೆಗೆ ಹೋಗಿ ಕಪ್ಪು ಸ್ಪ್ರೇ ಬಣ್ಣದ ಡಬ್ಬಿ ತಂದಳು. ಲೆಗ್ ಗಾರ್ಡನ್ನು ಅಂಗಳದ ಹಗ್ಗಕ್ಕೆ ತೂಗುಹಾಕಿ, ನಾನು ಕಿಟಕಿಯಿಂದ ಹೇಳಿದಂತೆ ಬಣ್ಣ ಹೊಡೆದಳು. ಒಣಗಿದ ಮೇಲೆ ಮಂಚದ ಬಳಿ ತಂದಾಗ ಕನ್ನಡಿಯ ಹಾಗೆ ಹೊಳೆಯಿತು. ಮೇಲೆ ಕೂತ ಧೂಳನ್ನು ಒರೆಸೋಣವೆಂದು ಬಟ್ಟೆಗೆ ಒಂದಿಷ್ಟು ಪೆಟ್ರೋಲು ಹಚ್ಚಿ ತಿಕ್ಕಿದೆ. ಕಪ್ಪೆಲ್ಲ ಬಟ್ಟೆಗೇ ಬಂತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವಳು ನಕ್ಕ ನಗು ಆ ವರ್ಷ ಆ ಮನೆಯಲ್ಲಿ ಕೇಳಿದ ಮೊದಲ ದೊಡ್ಡ ನಗು.

"ಹಿಂಗ ಒಂದೊಂದ ಹಚ್ಚಿ ಅಳಿಸೋದು ಬ್ಯಾಡ," ಅಂದಳು. "ಪರೀಕ್ಷೆ ಮಾಡೋಣು."

ಟೀಚರಮ್ಮನ ಉತ್ಸಾಹ ಎದ್ದಿತ್ತು. ಕಬ್ಬಿಣದ ಪಟ್ಟಿಯ ತುಂಡುಗಳನ್ನು ತಂದಳು. ಒಂದಕ್ಕೆ ಸ್ಪ್ರೇ. ಇನ್ನೊಂದಕ್ಕೆ ಪ್ರೈಮರ್ ಬಳಿದು ಮೇಲೆ ಗೇಟಿಗೆ ಹಚ್ಚುವ ಎಣ್ಣೆಬಣ್ಣ. ಉಳಿದವನ್ನು ಸಿರುಗುಪ್ಪ ರಸ್ತೆಯಲ್ಲಿ ಕಿಟಕಿ ಗ್ರಿಲ್ಲುಗಳಿಗೆ ಪೌಡರ್ ಕೋಟಿಂಗ್ ಮಾಡುವ ಶೆಡ್ಡಿಗೆ ಒಯ್ದಳು. ಅಲ್ಲಿ ಬಣ್ಣದ ಪುಡಿಯನ್ನು ಕರೆಂಟಿನ ಬಲದಿಂದ ಲೋಹಕ್ಕೆ ಅಂಟಿಸಿ ಭಟ್ಟಿಯಲ್ಲಿ ಬೇಯಿಸುತ್ತಾರೆ. ಒಂದಕ್ಕೆ ಬರೀ ಪುಡಿ, ಇನ್ನೊಂದಕ್ಕೆ ಕೆಳಗೆ ಸತುವಿನ ಪ್ರೈಮರ್ ಕೊಟ್ಟು ಮೇಲೆ ಪುಡಿ. ಎಲ್ಲದರ ಮೇಲೂ ಮೊಳೆಯಿಂದ ಒಂದೊಂದು ಗೀರು ಎಳೆದು, ತವರಿಗೆ ಹೋದಾಗ ಅಪ್ಪನ ಗದ್ದೆಯ ಬದುವಿನಲ್ಲಿ, ನೀರು ಸೋಕುವ ಜಾಗದಲ್ಲಿ ನೆಟ್ಟು ಬಂದಳು.

ಮಾವನವರು ಫೋನಿನಲ್ಲಿ ನನ್ನನ್ನು ಕೇಳಿದರು: "ಏನ್ ಅಳಿಯಂದ್ರ, ನಮ್ ಗದ್ದಿಯಾಗ ಕಬ್ಬಿಣ ಬೆಳಿತೀರೇನು?"

ಕೊಯ್ಲಿನ ಹೊತ್ತಿಗೆ ಅವರೇ ಆ ತುಂಡುಗಳನ್ನು ಚೀಲದಲ್ಲಿ ಸುತ್ತಿಕೊಂಡು ಬಂದರು. ಅಷ್ಟರಲ್ಲಿ ನಾನು ಊರುಗೋಲಿನಲ್ಲಿ ಅಂಗಳದವರೆಗೆ ನಡೆಯುತ್ತಿದ್ದೆ. ಸ್ಪ್ರೇ ಹೊಡೆದದ್ದು ಗುಳ್ಳೆ ಎದ್ದು ಹಾಳಾಗಿತ್ತು. ಎಣ್ಣೆಬಣ್ಣ ಗೀರಿನ ಸುತ್ತ ಚೆಕ್ಕೆ ಚೆಕ್ಕೆಯಾಗಿ ಎದ್ದಿತ್ತು. ಬರೀ ಪುಡಿಯದು ನೋಡಲು ಚೆಂದವಿದ್ದರೂ ಗೀರಿನಿಂದ ಒಳಗೊಳಗೇ ತುಕ್ಕು ಹರಿದಿತ್ತು, ಉಗುರಿನಿಂದ ಎತ್ತಿದರೆ ಸಿಪ್ಪೆಯಂತೆ ಬಂತು. ಸತುವಿನ ಪ್ರೈಮರ್ ಇದ್ದದ್ದು ಮಾತ್ರ ಗೀರಿನ ಜಾಗ ಬಿಟ್ಟು ಎಲ್ಲೂ ಕದಲಿರಲಿಲ್ಲ.

"ಇದ ಸೈ," ಅಂದರು ಮಾವ, ತುಂಡನ್ನು ಬಿಸಿಲಿಗೆ ಹಿಡಿದು. ಅವಳು ಮಿರುಗುವ ಕಪ್ಪು ಬೇಡವೆಂದಳು. ನಮ್ಮೂರಿನ ಕೆಂಧೂಳು ಅದರ ಮೇಲೆ ಎದ್ದು ಕಾಣುತ್ತದೆ, ಒರೆಸಿ ಒರೆಸಿ ಗೆರೆ ಬೀಳುತ್ತದೆ. ಅರ್ಧ ಹೊಳಪಿನದಕ್ಕೆ ಮೂವರೂ ಒಪ್ಪಿದೆವು.

ಸೈಲೆನ್ಸರನ್ನು ಮಾತ್ರ ಶೆಡ್ಡಿನವರು ಮುಟ್ಟಲಿಲ್ಲ. "ಕಾದ್ರ ಈ ಕೋಟಿಂಗ್ ನಿಲ್ಲಂಗಿಲ್ರಿ," ಅಂದರು. ಅದಕ್ಕೆ ಶಾಖ ತಡೆಯುವ ಬೇರೆ ಬಣ್ಣ ಸಿಗುತ್ತದೆ. ಪದರ ತೆಳ್ಳಗಿರಬೇಕು, ಒಣಗಿದ ಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಪೂರ್ತಿ ತಣಿಸಿ, ಮತ್ತೆ ಇನ್ನಷ್ಟು ಹೊತ್ತು ಓಡಿಸಬೇಕು. ಹಾಗೆ ಕಾದು ಕಾದೇ ಅದು ಗಟ್ಟಿಯಾಗುತ್ತದೆ. ಮೆಕ್ಯಾನಿಕ್ಕು ಎಲ್ಲ ಜೋಡಿಸಿ ಹೋದ ಭಾನುವಾರ ಅಂಗಳದಲ್ಲಿ ಅದೇ ಕೆಲಸ. ಕಿಕ್ಕರ್ ಒದೆಯಲು ನನ್ನ ಕಾಲಿಗೆ ಇನ್ನೂ ಅನುಮತಿ ಇರಲಿಲ್ಲ. ಅವಳು ಸೆರಗು ಸಿಕ್ಕಿಸಿ ಒದ್ದಳು. ನಾಲ್ಕಾರು ಸಲ ಕೆಮ್ಮಿ, ಬಹಳ ದಿನಗಳ ನಂತರ ಇಂಜಿನ್ನು ಮಾತಾಡಿತು. ಹೊಸ ಬಣ್ಣ ಕಾದು ಹೊಗೆಯಾಡಿತು. ಅವಳ ಕೈ ಹ್ಯಾಂಡಲ್ ಮೇಲೆಯೇ ಇತ್ತು.

"ಮಾರಾಕ ಯಾರಿಗಾರ ಹೇಳೀರೇನು?" ಎಂದು ಕೇಳಿದಳು.

"ಇಲ್ಲ."

"ಹೇಳಬ್ಯಾಡ್ರಿ. ನನಗ ಕಲಿಸ್ರಿ. ಓಡಿಸೋದು ಗೊತ್ತಾದ್ರ ಅಂಜಿಕಿ ಕಡಿಮಿ ಆಗತೈತೇನೋ ನೋಡತೀನಿ."

ಡಾಕ್ಟರು ಊರುಗೋಲು ಬಿಡಿಸಿದ ಮೇಲೆ, ಒಂದು ಮುಂಜಾನೆ ಕುರುಗೋಡು ದಾರಿಯ ಖಾಲಿ ರಸ್ತೆಗೆ ಹೋದೆವು. ಅಲ್ಲಿಯವರೆಗೆ ಮೆಕ್ಯಾನಿಕ್ಕು ಬೈಕು ತಂದುಕೊಟ್ಟ, ನಾವು ಆಟೊದಲ್ಲಿ ಹೋದೆವು. ಅವಳು ಚೂಡಿದಾರ ತೊಟ್ಟು, ಹೆಲ್ಮೆಟ್ ಬಿಗಿದು ಕೂತಳು. ಮೊದಲ ಸಲ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಬೈಕು ಎಗರಿ ಮಗ್ಗುಲಿಗೆ ಮಲಗಿತು. ನಾನು ಕಾಲಿನ ನೋವು ಮರೆತು ಓಡಿದೆ. ಲೆಗ್ ಗಾರ್ಡು ನೆಲಕ್ಕೆ ಊರಿಕೊಂಡು ಅವಳ ಕಾಲಿಗೆ ಜಾಗ ಬಿಟ್ಟಿತ್ತು. ಎದ್ದು ಮಣ್ಣು ಕೊಡವಿಕೊಂಡಳು. ಫೋನ್ ಎತ್ತಿದ ಆ ದಿನ ಅವಳಿಗೆ ಏನಾಗಿತ್ತೆಂದು ನನಗೆ ತಿಳಿದದ್ದು ಆಗಲೇ.

"ಏನಾತ್ರಿ, ಮುಖ ಹಿಂಗ್ಯಾಕ ಬಾಡೈತಿ?" ಅಂದಳು. "ಎತ್ತಾಕ ಕೈ ಹಚ್ರಿ, ಇನ್ನೊಮ್ಮೆ ನೋಡೋಣು."

ಇಬ್ಬರೂ ಸೇರಿ ಎತ್ತಿದೆವು. ನನ್ನ ಬಲಗಾಲು ಭಾರ ತಡೆಯಿತು. ಎರಡನೆಯ ಸಲ ಅವಳು ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಬೈಕು ಹೊರಟಿತು, ಸ್ವಲ್ಪ ಓಲಾಡಿತು, ನೆಟ್ಟಗಾಯಿತು. ದೂರದ ಬೇವಿನ ಮರದವರೆಗೆ ಹೋಗಿ, ತಿರುಗಿಸಲು ಬಾರದೆ ಅಲ್ಲೇ ನಿಲ್ಲಿಸಿ, ನನ್ನ ಕಡೆ ನೋಡಿ ಜೋರಾಗಿ ಕೈ ಬೀಸಿದಳು. ನಾನು ಅವಳತ್ತ ನಡೆಯತೊಡಗಿದೆ.