ಎಲೆ ಡಾಕ್ಟರು ಸುಟ್ಟ ಸ್ವೀಟ್‌ಕಾರ್ನ್

ತಮ್ಮನನ್ನು ಜನ ಎಲೆ ಡಾಕ್ಟರು ಎಂದು ಕರೆಯತೊಡಗಿದಾಗ ಅಕ್ಕ ಮೂಗು ಮುರಿದಳು. "ನೆಟ್ಟಗೆ ಒಂದು ಕಟ್ಟು ಸೊಪ್ಪು ಬಿಡಿಸೋಕೆ ಬರಲ್ಲ, ಇವನು ಎಲೆಗೆ ಡಾಕ್ಟರಂತೆ!" ಎಂದಳು ಗಂಡನಿಗೆ. ಗಂಡ ಬಸ್ ಡ್ರೈವರ್. ರಜೆಯ ದಿನ ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸಿಕೊಳ್ಳುತ್ತಾ "ಹೂಂ" ಅನ್ನುವುದಷ್ಟೇ ಅವನ ಪಾಲಿನ ಸಂಸಾರ.

ತಮ್ಮನ ಚರಿತ್ರೆ ಅವಳಿಗೆ ಬಾಯಿಪಾಠ. ಅಮ್ಮ ಅವನನ್ನು ತಲೆ ಮೇಲೆ ಕೂರಿಸಿಕೊಂಡು ಬೆಳೆಸಿದ್ದಳು. ಅವನು ಕೆಳಗಿಳಿಯಲೇ ಇಲ್ಲ. ಮೊದಲು ನೀರಿನ ಫಿಲ್ಟರ್ ಮಾರಿದ. ಆಮೇಲೆ ಹೊಟ್ಟೆ ಕರಗಿಸುವ ಬೆಲ್ಟು ಮಾರಿದ, ತನ್ನ ಹೊಟ್ಟೆಯನ್ನು ಅಂಗಿಯೊಳಗೆ ಎಳೆದು ಹಿಡಿದುಕೊಂಡು. ಪ್ರತಿ ಸಲವೂ ಹೊಸ ಅಂಗಿ, ಹೊಸ ಬ್ಯಾಗು, ಹೊಸ ಬೊಗಳೆ. ಈಗ ಎಲೆಗೆ ಸಿಂಪಡಿಸುವ ಗೊಬ್ಬರದ ಕಂಪನಿ ಸೇರಿ, ಆ ಗೊಬ್ಬರವನ್ನೇ ಔಷಧಿ ಎಂದು ಮಾರುತ್ತಿದ್ದ.

ಅಕ್ಕ ಮನೆ ಹಿಂದಿನ ಹೊಲದಲ್ಲಿ ಸ್ವೀಟ್‌ಕಾರ್ನ್ ಬೆಳೆಯುತ್ತಿದ್ದಳು. ಒಂದು ಬೆಳಿಗ್ಗೆ ತಮ್ಮ ಇಸ್ತ್ರಿ ಅಂಗಿಯಲ್ಲಿ ಬದುವಿನ ಮೇಲೆ ಪ್ರತ್ಯಕ್ಷನಾದ. ಶೂ ಕೊಳೆಯಾದೀತೆಂದು ಒಂದು ಹೆಜ್ಜೆ ಕೆಳಗಿಡಲಿಲ್ಲ.

"ಅಕ್ಕಾ, ಅರ್ಧ ಹೊಲ ನಂಗೆ ಬಿಡು. ಔಷಧಿ ಹೊಡೆದ ಸಾಲು ಈ ಕಡೆ, ಹೊಡೀದೇ ಇರೋದು ಆ ಕಡೆ. ಜನರನ್ನ ಕರೆಸಿ ತೋರಿಸ್ತೀನಿ. ಬೇರಿಂದ ಉಣ್ಣೋದು ಹಳೇ ಕಾಲ ಆಯ್ತು. ಈಗ ಗಿಡ ಎಲೆಯಿಂದಾನೇ ಊಟ ಮಾಡುತ್ತೆ."

"ಹಾಗಾದ್ರೆ ನೀನು ಕಿವಿಯಿಂದ ಊಟ ಮಾಡಿ ತೋರ್ಸು, ಆಮೇಲೆ ಹೊಲ ಕೊಡ್ತೀನಿ."

"ಭಾವಾ, ನೀವಾದ್ರೂ ಹೇಳಿ!"

ಹಿತ್ತಿಲ ಬಾಗಿಲಲ್ಲಿ ಮೀಸೆ ಕತ್ತರಿಸಿಕೊಳ್ಳುತ್ತಿದ್ದ ಭಾವ ಕತ್ತರಿ ಕೆಳಗಿಟ್ಟು, "ಹೋಗ್ಲಿ ಬಿಡೇ, ನಿನ್ನ ತಮ್ಮ ತಾನೆ," ಅಂದುಬಿಟ್ಟ. ಸಂಸಾರದಲ್ಲಿ ಅಪರೂಪಕ್ಕೆ ಬಾಯಿ ಬಿಟ್ಟದ್ದು, ಅದೂ ಇಂಥದ್ದಕ್ಕೆ.

ಮೊದಲ ಸಲ ಔಷಧಿ ಹೊಡೆದದ್ದು ಕಂಪನಿಯ ಕೆಲಸಗಾರ. ತಂಪು ಹೊತ್ತಿನಲ್ಲಿ, ತೆಳ್ಳಗೆ ಕಲಸಿ, ಎಲೆಯ ಅಡಿಗೂ ಬೀಳುವ ಹಾಗೆ ಹೊಡೆದು ಹೋದ. ಸತ್ವ ಸಾಲದೆ ಎಲೆಗಳ ಮೇಲೆ ಮೂಡಿದ್ದ ಬಿಳಿಚು ಗೆರೆಗಳು ಮಾಯವಾಗಿ, ಆ ಸಾಲುಗಳು ಕಡುಹಸಿರಾಗಿ ಸೊಂಟ ದಾಟಿದವು. ಅಕ್ಕ ಕಣ್ಣಾರೆ ಕಂಡಳು. ಬಾಯಿಬಿಟ್ಟು ಮಾತ್ರ ಒಪ್ಪಿಕೊಳ್ಳಲಿಲ್ಲ. ತಮ್ಮನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಿಡಗಳ ನಡುವೆ ಫೋಟೋ ತೆಗೆಸಿಕೊಂಡ, ತಾನೇ ಹೆತ್ತವನ ಹಾಗೆ.

ಎರಡನೇ ಸಲ ತಾನೇ ಹೊಡೆಯುತ್ತೇನೆ ಎಂದು ಬಂದ. ಅವನಿಗೆ ಬೆಳಗಾಗುವುದೇ ಬಿಸಿಲು ನೆತ್ತಿಗೇರಿದ ಮೇಲೆ. ಗಿಡದ ತುದಿಯಲ್ಲಿ ಗಂಡು ಹೂವು ಬಿರಿದು ಹುಡಿ ಉದುರುತ್ತಿತ್ತು, ತೆನೆಗಳು ಆಗತಾನೇ ಕೂದಲು ಹೊರಗೆ ಚಾಚಿದ್ದವು.

"ಈಗ ಬೇಡ ಕಣೋ, ಹೂ ಬಿಟ್ಟಿದೆ. ಕಾಳು ಕಟ್ಟಲ್ಲ," ಎಂದಳು ಅಕ್ಕ.

"ನಿಂಗೇನು ಗೊತ್ತು ಅಕ್ಕಾ? ಟ್ರೈನಿಂಗ್ ತಗೊಂಡವನು ನಾನೋ ನೀನೋ?"

ಔಷಧಿಯನ್ನು ಗಂಜಿಯ ಹಾಗೆ ದಪ್ಪಗೆ ಕಲಸಿ, ಪಂಪು ಬೆನ್ನಿಗೇರಿಸಿ, ಸುಡುಬಿಸಿಲಲ್ಲಿ ಹೊಡೆದೇ ಹೊಡೆದ. ಎರಡು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ಉಳಿದದ್ದನ್ನು ಬದುವಿನ ಮೇಲೆ ನಿಂತೇ ಎರಚಿದ. ಕೆಲವೇ ದಿನಗಳಲ್ಲಿ ಎಲೆಗಳ ಅಂಚು ಒಲೆಗೆ ತಾಗಿದ ಕಾಗದದಂತೆ ಕರಕಲಾಯಿತು, ತೆನೆಯ ಕೂದಲು ಒಣಗಿ ಅಂಟಿಕೊಂಡಿತು.

"ಹಳೇ ಎಲೆ ಹೋಗಿ ಹೊಸದು ಬರುತ್ತೆ," ಎಂದ ತಮ್ಮ.

"ಹೂ ಬಿಟ್ಟ ಮೇಲೆ ಜೋಳಕ್ಕೆ ಹೊಸ ಎಲೆ ಬರುತ್ತೇನೋ, ದಂಡಪಿಂಡ!" ಎಂದಳು ಅಕ್ಕ. ಅವನು ಹಲ್ಲು ಕಿರಿದು ಹೊರಟುಹೋದ.

ಜನರಿಗೆ ತೋರಿಸುವ ದಿನ ಬಂತು. ಹೊಲದ ಪಕ್ಕ ಕುರ್ಚಿ ಹಾಕಿದರು, ಬ್ಯಾನರ್ ಕಟ್ಟಿದರು. ಕಂಪನಿಯ ಮ್ಯಾನೇಜರ್ ಕಪ್ಪು ಕನ್ನಡಕದಲ್ಲಿ ಬಂದ. ಅಂದು ಮಾತ್ರ ತಮ್ಮ ಬೇಗ ಎದ್ದು, ಯಾರೂ ಬರುವ ಮೊದಲೇ ಹೊಲಕ್ಕೆ ಬಂದಿದ್ದ. ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ: ಕಳ್ಳಬೆಕ್ಕಿನ ಹಾಗೆ ಬಗ್ಗಿ ಬಂದು, 'ಔಷಧಿ ಹಾಕಿದ್ದು' ಎಂಬ ಬೋರ್ಡನ್ನು ತನ್ನ ಸಾಲಿನ ಮುಂದಿನಿಂದ ಕಿತ್ತು, ತೆನೆ ತುಂಬಿದ್ದ ಅವಳ ಸಾಲಿನ ಮುಂದೆ ನೆಟ್ಟ. 'ಹಾಕದ್ದು' ಎಂಬುದನ್ನು ತಾನು ಸುಟ್ಟ ಸಾಲಿನ ಮುಂದೆ ನೆಟ್ಟ. ಕೈಯ ಮಣ್ಣನ್ನು ಅವಳು ಒಣಹಾಕಿದ್ದ ಟವೆಲ್ಲಿಗೇ ಒರೆಸಿದ.

ಚಿಕ್ಕಂದಿನಿಂದ ಅವನು ಒಡೆದ ಪಾತ್ರೆಯನ್ನೆಲ್ಲ ಅವಳು ತನ್ನ ಮೇಲೆ ಹಾಕಿಕೊಂಡವಳು. ಇವತ್ತು ಅಸಹ್ಯವಾಯಿತು. ಬೆಳೆ ಹಾಳು ಮಾಡಿದ್ದಕ್ಕಿಂತ, ತನ್ನ ದುಡಿಮೆಗೆ ಅವನ ಬೋರ್ಡು ಅಂಟಿಸಿದ್ದು ನುಂಗಲಾಗಲಿಲ್ಲ.

ತಮ್ಮ ಮೈಕ್ ಹಿಡಿದು ಅರ್ಧ ಗಂಟೆ ಕೊರೆದ. ಕೊನೆಗೆ, "ಈಗ ನಮ್ಮಕ್ಕ ಎರಡು ಮಾತಾಡ್ತಾರೆ," ಎಂದು ಮೈಕ್ ಅವಳ ಕೈಗೆ ತುರುಕಿದ.

"ಬೋರ್ಡು ಅದಲು ಬದಲಾಗಿದೆ. ಇವತ್ತು ಬೆಳಿಗ್ಗೆ ಇವನೇ ಕಿತ್ತು ನೆಟ್ಟಿದ್ದು, ನಾನು ಕಿಟಕೀಲಿ ನೋಡ್ದೆ," ಎಂದಳು ಕಡ್ಡಿ ಮುರಿದಂತೆ. ಸುಟ್ಟ ಸಾಲಿಗೆ ಹೋಗಿ ಒಂದು ತೆನೆ ಮುರಿದು ಸಿಪ್ಪೆ ಸುಲಿದು ಎತ್ತಿ ಹಿಡಿದಳು. ಅಲ್ಲೊಂದು ಕಾಳು, ಇಲ್ಲೊಂದು ಕಾಳು, ಮುದುಕಿಯ ಬಾಯಿಯ ಹಾಗಿತ್ತು. "ಇದು ನಮ್ಮ ಡಾಕ್ಟರು ನೋಡಿದ ರೋಗಿ."

ಜನ ಗೊಳ್ಳೆಂದರು. ತಮ್ಮ ಒಂದು ಕ್ಷಣ ಪೆಚ್ಚಾದ. ಆಮೇಲೆ ಅವನೂ ಎಲ್ಲರಿಗಿಂತ ಜೋರಾಗಿ ನಕ್ಕು ಮೈಕ್ ಕಿತ್ತುಕೊಂಡ. "ನಮ್ಮಕ್ಕ ಮೊದಲಿಂದ್ಲೂ ಹೀಗೇ, ತುಂಬಾ ತಮಾಷೆ! ನೋಡಿದ್ರಲ್ಲ, ಅಳತೆ ಮೀರಿದ್ರೆ ಏನಾಗುತ್ತೆ ಅಂತ ತೋರಿಸೋಕೇ ಈ ಸಾಲನ್ನ ಬೇಕಂತ್ಲೇ ಸುಟ್ಟಿದ್ದು!"

ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಅದನ್ನು ಕೇಳಿ ಜನರೂ ತಟ್ಟಿದರು. ಆಮೇಲೆ ಪುಕ್ಕಟೆ ಟೋಪಿ, ಪುಕ್ಕಟೆ ಬಾಟಲಿಗೆ ಮುಗಿಬಿದ್ದರು. ಬೋಳು ತೆನೆಯನ್ನು ಕಣ್ಣಾರೆ ಕಂಡವನೇ ಎರಡು ಟೋಪಿ ಹಾಕಿಕೊಂಡು ಹೋದ. ಅಕ್ಕನಿಗೆ ಆವತ್ತಿನವರೆಗೆ ತಮ್ಮನೊಬ್ಬನ ಮೇಲಿದ್ದ ತಾತ್ಸಾರ ಇಡೀ ಊರಿಗೆ ಹರಡಿತು.

ತಮ್ಮನಿಗೆ ಬಡ್ತಿ ಸಿಕ್ಕಿತು. ಹೊಸದಾಗಿ ಸೇರಿದವರಿಗೆ ಮಾತಾಡುವುದನ್ನು ಕಲಿಸುವ ಕೆಲಸ.

ಸುಟ್ಟ ಗಿಡಗಳನ್ನು ಅಕ್ಕ ಕೊಯ್ದು ಹಸುವಿಗೆ ಹಾಕಿದಳು. ಮುಂದಿನ ಬೆಳೆಯಲ್ಲಿ ಮತ್ತೆ ಬಿಳಿಚು ಗೆರೆ ಕಂಡಾಗ, ಅವನು ಬಿಟ್ಟುಹೋಗಿದ್ದ ಡಬ್ಬಿ ತೆಗೆದು, ಬೆಳಗಿನ ತಂಪಿನಲ್ಲಿ, ಎಳೆ ಗಿಡಕ್ಕೆ ತೆಳ್ಳಗೆ ಹೊಡೆದಳು. ಔಷಧಿಯ ಮೇಲೆ ಅವಳಿಗೇನೂ ದ್ವೇಷವಿರಲಿಲ್ಲ. ತೆನೆಗಳು ತುದಿಯವರೆಗೆ ಕಾಳು ಕಟ್ಟಿದವು. ತಮ್ಮ ಬಂದ, ತಿಂದ, ತೆನೆ ಹಿಡಿದ ಅಕ್ಕನ ಫೋಟೋ ತೆಗೆದುಕೊಂಡು ಹೋದ.

ತಿಂಗಳೊಪ್ಪತ್ತು ಕಳೆದು ಗೊಬ್ಬರದ ಅಂಗಡಿಗೆ ಹೋದರೆ ಗೋಡೆಯ ಮೇಲೆ ಅವಳೇ! ಬಾಗಿಲಷ್ಟೆತ್ತರದ ಪೋಸ್ಟರು. ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ತಮ್ಮನ ಮಾತು ಕೇಳಿದೆ, ಗೆದ್ದೆ.'

ಅಂಗಡಿಯವನು ಪೋಸ್ಟರನ್ನೂ ಅವಳನ್ನೂ ನೋಡಿ, "ಅಮ್ಮಾ, ಇದು ನೀವೇ ಅಲ್ವಾ?" ಎಂದ.

"ನನಗೆ ತಮ್ಮನೇ ಇಲ್ಲ," ಎಂದಳು ಅಕ್ಕ. "ಆ ಔಷಧಿ ಒಂದು ಡಬ್ಬಿ ಕೊಡಿ. ಪುಕ್ಕಟೆ ಟೋಪಿ ಬೇಡ."